ಮಾಜಿ, ಶುಚಿ, ಗಟ್ಟಿಮುಟ್ಟು

ಅಕ್ಕ ಇಪ್ಪತ್ತು ವರ್ಷ ಅಡುಗೆ ಮಾಡಿದ ಹಾಸ್ಟೆಲ್ಲಿಗೆ ಬೀಗ ಬಿತ್ತು. ವಾರ್ಡನ್ ಇಂಗ್ಲಿಷಿನಲ್ಲಿ ಒಂದು ಸಾಲು ಗೀಚಿಕೊಟ್ಟು ಕೈ ತೊಳೆದುಕೊಂಡ: ಮಾಜಿ ಕುಕ್, ಶುಚಿ, ಗಟ್ಟಿಮುಟ್ಟು. ನಮ್ಮೆದುರಿನ ಅಪಾರ್ಟ್‌ಮೆಂಟಿನ ತುಂಬ ಫ್ರೆಂಚ್ ಮಾತಾಡುವ ಸಂಸಾರಗಳು. ಅಲ್ಲಿ ಕೆಲಸ ಸಿಗದಿದ್ದರೆ ಅಕ್ಕನಿಗೆ ಊರಾಚೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವುದೇ ಗತಿ.

“ಎಂಟು ತಿಂಗಳಿಂದ ಫ್ರೆಂಚ್ ಕ್ಲಾಸಿಗೆ ಹೋಗ್ತಿದೀಯಲ್ಲೋ, ಇದೊಂದು ಸಾಲು ಬರ್ಕೊಡೋಕಾಗಲ್ವಾ?” ಎಂದಳು.

ಒಂದು ಸಾಲಂತೆ! ನಮ್ಮ ಕನ್ನಡದ ‘ಒಳ್ಳೆಯ’ ಗಂಡಸಿಗೂ ಹೆಂಗಸಿಗೂ ಮೇಜಿಗೂ ಒಂದೇ. ಇಂಗ್ಲಿಷಿನಲ್ಲಿ ಯಾರು ಅಡುಗೆ ಮಾಡಿದರೂ ಕುಕ್ಕೇ. ಈ ಫ್ರೆಂಚಿನಲ್ಲಿ ಕಸುಬಿಗೂ ಗಂಡು ಹೆಣ್ಣು, ವಿಶೇಷಣಕ್ಕೂ ಗಂಡು ಹೆಣ್ಣು. ತಲೆ ಚಿಟ್ಟು ಹಿಡಿದುಹೋಯಿತು. ನಿಘಂಟಿನಲ್ಲಿ ಅಡುಗೆಯವಳಿಗೆ ‘ಕ್ಯುಸಿನಿಯೇರ್’ ಎಂದಿತ್ತು, ಮಾಜಿಗೆ ‘ಆನ್ಸಿಯೆನ್’. ವಿಶೇಷಣ ನಾಮಪದದ ಆಮೇಲೇ ಬರಬೇಕೆಂದು ಮೇಷ್ಟ್ರು ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಹೇಳಿದ್ದರು. ಹಾಗೇ ಬರೆದು, ಕೆಳಗೆ ಫೋನ್ ನಂಬರ್ ಹಾಕಿದೆ. ಅಕ್ಕ ಹೋಗಿ ಎದುರಿನ ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿಗೆ ಚೀಟಿ ಚುಚ್ಚಿ ಬಂದಳು.

ಮರುದಿನವೇ ಒಬ್ಬ ಹೆಂಗಸಿನ ಫೋನು, ಫ್ರೆಂಚಿನಲ್ಲೇ. ನಾನು ಹಿಗ್ಗಿ ಹೀರೇಕಾಯಿಯಾದೆ.

“ಅವಳ ವಯಸ್ಸೆಷ್ಟು?”

“ನಲವತ್ತೆಂಟು.”

“ಓ, ಬಹಳ ಚೆನ್ನಾಯ್ತು! ತೂಕ?”

ತೂಕ ಇವಳಿಗ್ಯಾಕೆ? ಮೈಯೆಲ್ಲ ಉರಿಯಿತು. ಆದರೂ ಕೆಲಸದ ಆಸೆಗೆ ಹಲ್ಲುಕಚ್ಚಿ ಅರವತ್ತೈದು ಕೆಜಿ ಎಂದೆ.

“ಹಾಗಾದರೆ ಇಬ್ಬರು ಸಾಕು. ನಾಳೆ ಹತ್ತಕ್ಕೆ ಬರ್ತೀನಿ.”

ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಒಂಬತ್ತಕ್ಕೇ ಕುರ್ಚಿಯ ತುದಿಯಲ್ಲಿ ಕೂತಳು. ಹತ್ತಕ್ಕೆ ಬಾಗಿಲು ತೆರೆದರೆ ಆ ಹೆಂಗಸು, ಹಿಂದೆ ಹಗ್ಗ, ಕಂಬಳಿ ಹೊತ್ತ ಇಬ್ಬರು ಹಮಾಲರು. “ಎಲ್ಲಿದಾಳೆ?” ಎಂದಳು. ನಾನು ಅಕ್ಕನನ್ನು ತೋರಿಸಿದೆ. ಅವಳು ಅಕ್ಕನನ್ನು ದಾಟಿ ಅಡುಗೆಮನೆಯೊಳಗೆ ಇಣುಕಿದಳು. ಆಮೇಲೆ ಗ್ಯಾಸಿನ ಗುಂಡಿ ತಿರುಗಿಸುವಂತೆ ಗಾಳಿಯಲ್ಲಿ ಬೆರಳು ತಿರುಗಿಸಿ ತೋರಿಸಿದಳು.

ನಿಘಂಟು ತೆಗೆದೆ. ‘ಕ್ಯುಸಿನಿಯೇರ್’ಗೆ ಎರಡನೆಯ ಅರ್ಥ, ಒಲೆ. ‘ಆನ್ಸಿಯೆನ್’ ಮೊದಲು ಬಂದರೆ ಮಾಜಿ, ಆಮೇಲೆ ಬಂದರೆ ಹಳೇಕಾಲದ್ದು. ಅಡುಗೆ ಮಾಡುವ ಗಂಡಸು ಅಲ್ಲಿ ಅಡುಗೆಯವನಾಗಿಯೇ ಉಳಿಯುತ್ತಾನೆ, ಹೆಂಗಸು ಮಾತ್ರ ಒಲೆಯೂ ಆಗುತ್ತಾಳೆ. ಒಲೆಗೂ ಅವರು ‘ಅವಳು’ ಎಂದೇ ಅನ್ನುತ್ತಾರೆ. ಹಳೇಕಾಲದ ಒಲೆ, ಶುಚಿಯಾಗಿದೆ, ಗಟ್ಟಿಮುಟ್ಟಾಗಿದೆ! ನಿಘಂಟನ್ನು ಗೋಡೆಗೆ ಎಸೆಯಬೇಕೆನಿಸಿತು. ಅಕ್ಕನ ಮುಖ ನೋಡಲಾಗದೆ, ನೆಲ ನೋಡುತ್ತ ವಿಷಯ ಹೇಳಿದೆ.

ಅಕ್ಕ ನಗಲಿಲ್ಲ, ಬೈಯಲೂ ಇಲ್ಲ. “ಒಲೆ ತಗೊಂಡ್ಹೋದ್ರೆ ಅದರ ಮುಂದೆ ನಿಲ್ಲೋರ್ಯಾರಂತೆ? ಕೇಳೋ,” ಎಂದಳು.

ಕೇಳಲು ಬಾಯಿ ತೆರೆದೆ. ಅಡುಗೆಯವಳು ಎನ್ನಲು ನನ್ನ ಹತ್ತಿರ ಇದ್ದದ್ದು ಅದೇ ಹಾಳು ಪದ.

ಅಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ, ತನ್ನೆದೆಗೆ ಬೆರಳಿಟ್ಟು, “ಕುಕ್,” ಎಂದಳು.

ಹೆಂಗಸು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದಳು. ಹಮಾಲರನ್ನು ಕೆಳಗೆ ಕಳಿಸಿ ಒಳಗೆ ಬಂದು ಕೂತಳು.