ಪುಟದ ಅಡಿಯ ಸಾಲು

ಸೋಮವಾರ ಸಂಜೆ ಐದು ಗಂಟೆ, ಹುಣಸೂರಿನ ಪತ್ರಿಕಾ ಕಚೇರಿಯ ಕಂಪ್ಯೂಟರಿನಲ್ಲಿ ಆ ಸಾಲು ಮತ್ತೆ ಬಂದು ಕೂತಿದೆ — ವರದಿಗಾರ್ತಿ ಯಶೋಧರಾ ಈಗಷ್ಟೇ ಅಳಿಸಿದ್ದಳು, ಮೇಲ್ ಮುಚ್ಚಿ ತೆರೆದಳು, ಮೇಲೆಲ್ಲ ಖಾಲಿ, ಕೆಳಗೆ ಉರುಳಿಸುತ್ತ ಹೋದರೆ ಪುಟದ ಅಡಿಯಲ್ಲಿ ಬಾಗಿಲ ಹಿಂದೆ ನಿಂತ ಕಳ್ಳನ ಹಾಗೆ: ಒಲೆ ಉರಿಸುತ್ತಿದ್ದವರ ನಿರ್ಲಕ್ಷ್ಯವೇ ಬೆಂಕಿಗೆ ಕಾರಣ ಎನ್ನಲಾಗಿದೆ. ಎನ್ನಲಾಗಿದೆಯಂತೆ, ಯಾರು ಅಂದರು, ಯಾರೂ ಅನ್ನಲಿಲ್ಲ, ನಂಜುಂಡೇಶ್ ಅಂದ, ಈ ಕಚೇರಿಯ ಹಿರಿಯ ವರದಿಗಾರ, ಯಾವುದೋ ಕಾಲದ ಯಾವುದೋ ಬೆಂಕಿಗೆ ಅಂದ, ಅಂದದ್ದನ್ನು ಕಡತ ಮಾಡಿ ಇಟ್ಟ. ತಂಬಾಕು ಬೇಯಿಸುವ ಕಾಲ ಬಂದರೆ ಬೆಂಕಿಯ ಕಡತ, ಬೇಸಿಗೆಗೆ ಕಾಡಾನೆಯ ಕಡತ, ಜಾತ್ರೆಗಳ ಕಾಲಕ್ಕೆ ಅಪಘಾತದ ಕಡತ, ಮೇಲ್ ಬರೆಯಲು ಎಡಿಟರ್ ಎಂಬ ಪ್ರೋಗ್ರಾಂ ತೆರೆದರೆ ಸಾಕು, ಆಯಾ ಕಾಲದ ಕೊನೆಯ ಸಾಲು ತಾನೇ ಬಂದು ಕೂರುತ್ತದೆ, ಊರು ಹೆಸರು ತುಂಬಿದರೆ ವರದಿ ಮುಗಿಯಿತು. ಟೈಮ್ ಉಳಿತದೆ ಕಣಮ್ಮ, ಅನ್ನುತ್ತಾನೆ, ಡೆಸ್ಕಿನವ್ರಿಗೂ ಕೊನೇಲಿ ಒಂದು ಕಾರಣ ಬೇಕು. ಕಾರಣ ಬೇಕಂತೆ, ಸತ್ಯವಾದದ್ದೇ ಆಗಬೇಕೆಂದಿಲ್ಲವಂತೆ.

ನಿನ್ನೆ ಯಶೋಧರಾ ಬರೆದದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಬಿಳಿಕೆರೆ ಹತ್ತಿರ ರುದ್ರಸ್ವಾಮಿಯ ಬ್ಯಾರನ್, ತಂಬಾಕು ಬೇಯಿಸುವ ಮನೆ, ಭಾನುವಾರ ಮಧ್ಯಾಹ್ನ ಸುಟ್ಟುಹೋಯಿತು, ಒಳಗಿನ ಹಳೆಯ ಅಡ್ಡಮರ ಹೊರಲಾರದಷ್ಟು ಹಸಿಸೊಪ್ಪು ಏರಿಸಿದ್ದರು, ಮರ ಮುರಿದು ಸೊಪ್ಪು ಒಲೆಯ ಬಿಸಿ ಹಾಯುವ ಕೊಳವೆಯ ಮೇಲೆ ಬಿತ್ತು, ಇದನ್ನು ಅಗ್ನಿಶಾಮಕದವರೇ ಮುರಿದ ಮರ ತೋರಿಸಿ ಹೇಳಿದರು, ಹೇಳಿದವರ ಹೆಸರು ಬರೆದುಕೊಂಡಿದ್ದಾಳೆ. ಒಲೆಗೆ ಸೌದೆ ಹಾಕುತ್ತಿದ್ದ ಚಿಕ್ಕಬೀರಮ್ಮ ಓಡಿಹೋಗಲಿಲ್ಲ, ಪಕ್ಕದ ಕೋಣೆಯಲ್ಲಿ ರುದ್ರಸ್ವಾಮಿಯ ತಾಯಿ ಪುಟ್ಟತಾಯಮ್ಮ ಊಟ ಮಾಡಿ ಮಲಗಿದ್ದರು, ನಾಯಿ ನುಗ್ಗುತ್ತದೆಂದು ಹೊರಗಿನಿಂದ ಚಿಲಕ ಹಾಕಿತ್ತು, ಕಾದ ಚಿಲಕವನ್ನು ಬರಿಗೈಯಲ್ಲಿ ಎಳೆದು ಮುದುಕಿಯನ್ನು ಹೊರಗೆ ತಂದವಳು ಚಿಕ್ಕಬೀರಮ್ಮ. ಎಲ್ಲ ಬರೆದಿದ್ದಳು, ಅಡಿಗೆ ತಾನೇ ಬಂದು ಕೂತ ಸಾಲನ್ನು ಕಾಣದೆ ಕಳಿಸಿದ್ದಳು. ಪುಟ ಕಟ್ಟುವ ಮೈಸೂರಿನ ಡೆಸ್ಕ್, ಜಾಹೀರಾತು ಬಂತೆಂದು ನಡುವಿನದ್ದನ್ನೆಲ್ಲ ಕತ್ತರಿಸಿತು, ಚಿಲಕ ಹೋಯಿತು, ಅಡ್ಡಮರ ಹೋಯಿತು, ಕೊನೆಯ ಸಾಲು ಉಳಿಯಿತು, ಉಳಿದದ್ದರಿಂದಲೇ ತಲೆಬರಹ — ನಿರ್ಲಕ್ಷ್ಯ: ತಂಬಾಕು ಬ್ಯಾರನ್ ಭಸ್ಮ — ಕೆಳಗೆ ಯಶೋಧರಾ, ದಪ್ಪಕ್ಷರದಲ್ಲಿ.

ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳು ಚಿಕ್ಕಬೀರಮ್ಮ. ಏನವ್ವಾ ನೀನು, ನನ್ ಮುಂದೆ ಕುಂತ್ಕಂಡು ಎಲ್ಲಾನೂ ಕೇಳ್ದೆ, ನಾ ಕೊಟ್ಟ ಕಾಪಿ ಕುಡ್ದೆ, ಓಗಿ ಇಂಗ್ ಬರ್ದೆಯಲ್ಲ. ಅದು ನಾನು ಬರೆದದ್ದಲ್ಲ ಕಣಮ್ಮ. ನಿನ್ ಎಸ್ರೇ ಐತಂತಲ್ಲ, ನನ್ ಮೊಮ್ಮಗ್ಳು ಓದುದ್ಲು, ಅವ್ಳೇನ್ ಸುಳ್ಳೇಳ್ತಾಳಾ. ಅದು ಎಡಿಟರ್ ತಂದುಹಾಕಿದ ಸಾಲು ಎನ್ನುವುದೇ, ಯಾವ ಬಾಯಲ್ಲಿ. ರುದ್ರಸ್ವಾಮಿ ಅಂದನಂತೆ, ಪೇಪರ್‌ನಾಗೇ ಬಂದೈತೆ, ನಾನೇನ್ ಮಾಡ್ಲಿ, ಇನ್ಮೇಲೆ ಬ್ಯಾರನ್ ತಾವ ಬರ್‍ಬ್ಯಾಡ ಬುಡು. ಎಷ್ಟು ಸಲೀಸು, ಸೊಪ್ಪು ಹೆಚ್ಚು ಏರಿಸಿದವನು ಅವನು, ಅವ್ವನನ್ನು ಒಳಗೆ ಬಿಟ್ಟು ಚಿಲಕ ಹಾಕಿದವನು ಅವನು, ಪತ್ರಿಕೆ ಅವನನ್ನು ತೊಳೆದು ಒಣಗಿಸಿ ಮಡಚಿ ಕೊಟ್ಟಿದೆ. ಪಕ್ಕದ ಬ್ಯಾರನ್ನಿನ ಮಂಚಯ್ಯನೂ ಬೇಡ ಅಂದನಂತೆ, ಒಲೆ ಮುಂದೆ ನಿದ್ದೆ ಮಾಡೋಳ್ನ ಯಾರು ಇಟ್ಕತ್ತಾರೆ. ಪೇಪರ್‌ನಾಗೆ ಆಕುದ್ದ ಪೇಪರ್‌ನಾಗೇ ತೆಗ್ಸು, ಅಂದಳು ಚಿಕ್ಕಬೀರಮ್ಮ, ಅತ್ತಿದ್ದರೆ ತಡೆದುಕೊಳ್ಳಬಹುದಿತ್ತು, ಅಳಲಿಲ್ಲ, ಬಲಗೈ ಬಿಚ್ಚಿ ತೋರಿಸಿದಳು — ಅಂಗೈಗೆ ಅಡ್ಡಲಾಗಿ ಚಿಲಕದ ಅಚ್ಚು, ಬೆರಳಿನಷ್ಟು ಅಗಲ, ನಡುವೆ ಬಿಳಿ, ಅಂಚು ಕೆಂಪು.

ಮಧ್ಯಾಹ್ನ ತಿದ್ದುಪಡಿ ಕಳಿಸಿದಳು, ಆ ಸಾಲು ಅಳಿಸಿಯೇ ಬರೆದಳು, ಅಗ್ನಿಶಾಮಕದವರ ಮಾತು ಸೇರಿಸೋಣವೆಂದು ಅದೇ ಮೇಲನ್ನು ಮತ್ತೆ ತೆರೆದಳು, ಅಷ್ಟೇ, ಪ್ರತಿ ಸಲ ತೆರೆದಾಗಲೂ ಹಾಳಾದ್ದು ಹೊಸದಾಗಿ ಬಂದು ಕೂರುತ್ತದೆ, ನೋಡದೆ ಹಾಗೇ ಕಳಿಸಿಬಿಟ್ಟಿದ್ದಳು. ಡೆಸ್ಕಿನಿಂದ ಆಶಾರಾಣಿಯ ಫೋನ್, ಏನೇ ಯಶೂ, ಮೇಲೆ ಅವಳ ತಪ್ಪಲ್ಲ ಅಂತೀಯ, ಕೆಳಗೆ ಅವಳ ನಿರ್ಲಕ್ಷ್ಯ ಅಂತೀಯ, ಯಾವುದನ್ನ ಹಾಕ್ಲಿ? ಆರಕ್ಕೆ ಪುಟ ಮುಚ್ತೀವಿ, ಸರಿಯಾಗಿ ಕಳ್ಸು, ಇಲ್ದಿದ್ರೆ ಬಿಡು. ಬಿಡುವುದಿಲ್ಲ. ಕೈಯಿಂದ ಅಳಿಸಿ ಕಳಿಸಬಹುದು, ನಾಳೆ? ಸುಗ್ಗಿ ಮುಗಿಯುವುದರೊಳಗೆ ಇನ್ನೊಂದು ಬ್ಯಾರನ್ ಸುಟ್ಟುಹೋಗುತ್ತದೆ, ಇನ್ನೊಬ್ಬಳು ಮೆಟ್ಟಿಲ ಮೇಲೆ ಕೂರುತ್ತಾಳೆ. ಮೇಲ್ ಪ್ರೋಗ್ರಾಮಿನ ಸೆಟ್ಟಿಂಗ್ಸ್, ಅದರೊಳಗೆ ಬರವಣಿಗೆ, ಅದರೊಳಗೆ ಹೊರಗಿನ ಎಡಿಟರ್, ಕನ್ನಡದ ಒತ್ತಕ್ಷರಗಳು ಒಡೆಯುತ್ತವೆಂದು ನಂಜುಂಡೇಶನೇ ಕಟ್ಟಿಸಿದ್ದು, ಉದ್ದನೆಯ ಪೆಟ್ಟಿಗೆಯಲ್ಲಿ ಒಂದೇ ಸಾಲಿನ ಆದೇಶ: ಎಡಿಟರಿನ ಹೆಸರು, ಅದರ ಬೆನ್ನಿಗೆ ಬೆಂಕಿಯ ಕಡತವನ್ನು ಪುಟದ ಕೊನೆಗೆ ಸೇರಿಸು, ಅದರ ಬೆನ್ನಿಗೆ ಕರ್ಸರ್ ಮೊದಲ ಸಾಲಿಗೆ ತಂದು ನಿಲ್ಲಿಸು. ಅಂದರೆ ಬರೆಯುವವಳು ಮೇಲೆ ನೋಡುತ್ತಿರಲಿ, ಅಡಿಯಲ್ಲಿ ಏನಿದೆಯೆಂದು ಕಾಣದಿರಲಿ. ಕಡತದ ಹೆಸರು ಅಳಿಸಿದಳು, ಎಡಿಟರ್ ತೆರೆಯಲೇ ಇಲ್ಲ, ಸೇರಿಸು ಎಂದಿದ್ದೀರಿ, ಏನನ್ನು ಎಂದು ಕೆಂಪಕ್ಷರದಲ್ಲಿ ಕೇಳಿತು. ಎಡಿಟರಿನ ಹೆಸರು ಬಿಟ್ಟು ಎಲ್ಲ ಅಳಿಸಿದಳು, ತೆರೆಯಿತು, ತೆರೆದದ್ದು ಮಧ್ಯಾಹ್ನದ ಹಳೇ ಪುಟ, ಸಾಲು ಸಮೇತ, ಕೊನೆಯಲ್ಲಿ ಬಿಟ್ಟದ್ದನ್ನೇ ಮತ್ತೆ ತೋರಿಸುವ ಚಾಳಿ ಈ ಎಡಿಟರಿನದು. ಕರೆಂಟ್ ಹೋಯಿತು, ಯುಪಿಎಸ್ ಕೂಗತೊಡಗಿತು, ಕೂಗಲಿ.

ನಂಜುಂಡೇಶ್ ಟೀ ಮುಗಿಸಿ ಬಂದ, ಬೆನ್ನ ಹಿಂದೆ ನಿಂತ. ಏನಮ್ಮಾ, ನನ್ ಸೆಟ್ಟಿಂಗ್ ಯಾಕೆ ಮುಟ್ತಾ ಇದೀಯ. ತೆಗೀತಾ ಇದೀನಿ ಸಾರ್. ಇಷ್ಟು ವರ್ಷದಿಂದ ಐತೆ, ಯಾರೂ ಒಂದ್ ಮಾತಂದಿಲ್ಲ, ನಿಂದೇನು ಹೊಸ ರಾಗ. ಅನ್ನೋರಿಗೆ ಪೇಪರ್ ಓದೋಕೆ ಬರಲ್ಲ ಸಾರ್, ಅದಕ್ಕೆ ಅಂದಿಲ್ಲ. ಓಹೋ, ಸೌದೆ ಹಾಕೋಳಿಗೆ ವಕಾಲತ್ತು, ನಾಳೆ ಬೆಂಕಿ ಸುದ್ದಿ ಬಂದ್ರೆ ಖಾಲಿ ಪುಟ ಇಟ್ಕೊಂಡು ನಾನೇನ್ ಬರೀಲಿ? ಫೋನ್ ಮಾಡಿ ಕೇಳಿ ಸಾರ್, ಯಾಕೆ ಹತ್ತಿಕೊಂಡಿತು ಅಂತ ಕೇಳಿ, ನಿಮ್ಮ ಕೆಲಸ ಅದೇ ಅಲ್ವಾ. ಯಶೋಧರಾ ಪರದೆಯತ್ತ ತಿರುಗಿದಳು. ಎಡಿಟರಿನ ಹೆಸರಿನ ಮುಂದೆ ಹಳೆಯದನ್ನು ತೆರೆಯಬೇಡ ಎಂಬ ಸೂಚನೆಯೊಂದನ್ನೇ ಬರೆದಳು, ಉಳಿಸಿದಳು, ಪ್ರೋಗ್ರಾಂ ಮುಚ್ಚಿ ತೆರೆದಳು, ಹೊಸ ಮೇಲ್, ಖಾಲಿ, ನಂಬಲಿಲ್ಲ, ಅಡಿಯವರೆಗೆ ಉರುಳಿಸಿದಳು, ಖಾಲಿ, ಇನ್ನೊಮ್ಮೆ ತೆರೆದಳು, ಖಾಲಿ. ಬರೆದಳು, ಅಡ್ಡಮರ, ಹೇಳಿದವರ ಹೆಸರು, ಬೆಂಕಿಗೆ ಚಿಕ್ಕಬೀರಮ್ಮ ಕಾರಣರಲ್ಲ, ವಿಷಾದಿಸುತ್ತೇವೆ — ಯಾರು ವಿಷಾದಿಸುತ್ತಾರೆ, ಪತ್ರಿಕೆಯೇ, ಎಡಿಟರೇ, ನಂಜುಂಡೇಶನೇ, ಆ ಪದ ಹೊಡೆದು ಹಾಕಿದಳು, ಪುಟ್ಟತಾಯಮ್ಮ ಅವರನ್ನು ಕಾಪಾಡಿದವರು ಇವರೇ ಎಂದು ಬರೆದಳು, ಮುಂದಿನ ಸಾಲಿಗೆ ಪದ ಬರಲಿಲ್ಲ, ಕರ್ಸರ್ ಇದ್ದಲ್ಲೇ ಮಿಟುಕಿತು, ಬೆರಳಿನಷ್ಟು ಅಗಲ, ನಡುವೆ ಬಿಳಿ, ಅಂಚು ಕೆಂಪು, ಅಂಗೈಗೆ ಅಡ್ಡಲಾಗಿ, ಬೆರಳಿನಷ್ಟು ಅಗಲ —

ಆರಕ್ಕೆ ಮುಂಚೆ ಮೇಲ್ ಹೋಯಿತು. ತಿದ್ದುಪಡಿ ಮಂಗಳವಾರ ಒಳಪುಟದಲ್ಲಿ ಬಂತು. ರುದ್ರಸ್ವಾಮಿ ಚಿಕ್ಕಬೀರಮ್ಮನನ್ನು ಕರೆಯಲಿಲ್ಲ. ಬುಧವಾರ ಮಂಚಯ್ಯ ಕೆಲಸಕ್ಕೆ ಬಾ ಎಂದು ಹೇಳಿಕಳಿಸಿದ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದ ಅವಳು ಎಡಗೈಯಲ್ಲಿ ಅವನ ಒಲೆಗೆ ಸೌದೆ ಹಾಕಿದಳು.