ಹತ್ತು ಅಂಕದ ಪತ್ರ

ಈ ಮೊಬೈಲ್ ಪೀಳಿಗೆಯ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಗಡಿಯೂರು ಉದಗೀರದ ಕನ್ನಡ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿ ನಾನು ಸಂಪಾದಿಸಿದ್ದು ಬಿ.ಪಿ. ಒಂದೇ. ಈಗಂತೂ ಉತ್ತರಪತ್ರಿಕೆಯನ್ನೂ ವಾಟ್ಸಾಪಿನ ಹಾಗೆ ಗೀಚುತ್ತಾರೆ.

ಹತ್ತನೆಯ ತರಗತಿಯ ಪೂರ್ವಪರೀಕ್ಷೆಯಲ್ಲಿ ‘ಊರಲ್ಲಿರುವ ಅಜ್ಜಿಗೆ ಪತ್ರ ಬರೆಯಿರಿ’ ಎಂದು ಕೇಳಿದ್ದೆ. ಹತ್ತು ಅಂಕ. ವೈಷ್ಣವಿ ಎಂಬ ಹುಡುಗಿ ಮೇಲೆ ಅಜ್ಜಿಯ ಹೆಸರು, ಊರು ‘ಚಂಪಾಬಾಯಿ, ದೇವಣಿ’ ಎಂದು ಹಾಕಿ, ಕೆಳಗೆ ಬರೆದದ್ದು ಇಷ್ಟು:

‘ಆಯಿ, ಉಂಡಿ? ನಾ ಉಂಡೆ. ಮಂಡಿ ನೋವು ಹ್ಯಾಂಗದ? ಎಣ್ಣಿ ಹಚ್ಚು. ರವಿವಾರ ಬರ್ತೀನಿ. ಓಕೆ. ಬಾಯ್.’

ಒಕ್ಕಣೆಯಿಲ್ಲ, ನಮಸ್ಕಾರವಿಲ್ಲ. ಮೈ ಉರಿದುಹೋಯಿತು. ಸೊನ್ನೆ ಹಾಕಿದೆ. ಸಾಲದೆಂದು ಇಡೀ ತರಗತಿಯ ಮುಂದೆ ರಾಗ ಎಳೆದು ಓದಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಆಕೆ ತಲೆ ಎತ್ತಲಿಲ್ಲ. ನನಗೆ ಸಮಾಧಾನವಾಯಿತು.

ಎಂಟು ದಿನದ ಮೇಲೆ ಒಬ್ಬ ಮುದುಕಿ ಬಂದಳು. ತೊಂಬತ್ತಮೂರರ ಭೂಕಂಪದ ನಂತರ ಹಾಕಿದ ತಗಡಿನ ಕೋಣೆಯೇ ನಮ್ಮ ಸ್ಟಾಫ್ ರೂಮು. ಕೂಡ್ರಿ ಎಂದರೂ ಕೂರಲಿಲ್ಲ.

“ನಾ ಚಂಪಾಬಾಯಿ. ಎಂಟು ದಿನ ಆಯ್ತು, ಮೊಮ್ಮಗಳು ಮೆಸೇಜ್ ಹಾಕಿಲ್ಲ. ಏನ್ ಮಾಡೀರಿ ಮಾಸ್ತರ್ರ ಆಕಿಗಿ?”

“ನಿಮಗ ಬರದದ್ದು ಎಲ್ಲಾರ ಮುಂದ ಓದಿ, ಪತ್ರ ಹ್ಯಾಂಗ ಬರೀಬೇಕಂತ ಹೇಳೀನಿ.”

“ನನಗ ಅಕ್ಷರ ಕಲಿಸಿದಾಕಿನೇ ಆಕಿ ರೀ. ಹೋದ ವರ್ಷ, ಇದೇ ಮೊಬೈಲ್‌ನಾಗ. ಒಂದು ಸಾಲಿನಾಗ ಮೂರು ಶಬ್ದದ ಮ್ಯಾಲ ಇದ್ರ ನನಗ ಓದ್ಲಾಕ ಬರಲ್ಲ.”

ನಾನೇನು ಸೋಲುವವನೇ? ನಾನು ಬರೆಸುವ ಮಾದರಿ ಪತ್ರ ತೆಗೆದು ಗಟ್ಟಿಯಾಗಿ ಓದಿದೆ: “ಪೂಜ್ಯ ಅಜ್ಜಿಯವರ ಚರಣಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ...”

ಪೂರ್ತಿ ಕೇಳಿ ಮುದುಕಿ ಅಂದಳು, “ಇದರಾಗ ಮಂಡಿ ನೋವು ಎಲ್ಲಿ ಕೇಳೀರಿ?”

“ಇದು ಪರೀಕ್ಷಾ ಅದ, ಹರಟಿ ಅಲ್ಲ!” ಎಂದು ವೈಷ್ಣವಿಯ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಕುಕ್ಕಿದೆ.

ಆಕೆ ಬೆರಳಿಟ್ಟು ತನ್ನ ಹೆಸರನ್ನು ಕೂಡಿಸಿ ಓದಿದಳು. ಮರುಕ್ಷಣ ಆ ಹಾಳೆಯನ್ನು ಪರ್ರನೆ ಹರಿದುಕೊಂಡಳು.

“ನನ್ನ ಹೆಸರಿಲೆ ಅದ, ನಂದು. ನನಗ ಬರದ ಪತ್ರ ಹತ್ತು ಮಂದಿ ಮುಂದ ಓದೀರಲ್ಲ, ನಾಚಿಕಿ ಬರಲಿಲ್ಲೇನ್ರಿ?”

“ಏ, ಅದು ಶಾಲೆ ದಾಖಲೆ!” ಎಂದು ಕಿರುಚುತ್ತ ಹಿಂದೆ ಓಡಿದೆ. ಅಷ್ಟರಲ್ಲಿ ಆಕೆ ಹತ್ತನೆಯ ತರಗತಿಯ ಬಾಗಿಲಲ್ಲಿ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು.

“ಆಯಿ, ಉಂ... ಡಿ? ಹೂಂ, ಉಂಡೀನಿ. ಮಂಡಿ... ನೋವು... ಹ್ಯಾಂಗದ? ಹಂಗೇ ಅದ, ನಮ್ಮವ್ವ. ಎಣ್ಣಿ ಹಚ್ಚೀನಿ.”

‘ಬಾಯ್’ ತನಕ ಓದಿ ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈ ಸಲ ಯಾರೂ ನಗಲಿಲ್ಲ. ವೈಷ್ಣವಿ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು.