ಕೊಲೆಸ್ಟ್ರಾಲ್ ಬಿಟ್ಟ ಗುಳ್ಳೆಗಳು

ನಮ್ಮ ಕಂಪನಿಯ ಬ್ರೋಷರಿನಲ್ಲಿ ‘ನೂರಕ್ಕೆ ನೂರು ಕೊಲೆಸ್ಟ್ರಾಲ್ ಮುಕ್ತ’ ಎಂದು ಅಚ್ಚಾದ ದಿನವೇ ನನಗೆ ತಲೆ ಕೆಟ್ಟಿತ್ತು. ನಾವೇನು ಅಡುಗೆ ಎಣ್ಣೆ ಮಾರುವವರಲ್ಲ. ಕ್ಯಾನ್ಸರ್ ಔಷಧಿಯನ್ನು ಕೊಬ್ಬಿನ ಸಣ್ಣ ಗುಳ್ಳೆಗಳೊಳಗೆ ತುಂಬಿ, ದಾರಿಯಲ್ಲಿ ಸೋರದೆ ಗೆಡ್ಡೆ ಮುಟ್ಟುವಂತೆ ಮಾಡುವುದು ನಮ್ಮ ಕಸುಬು.

ಹೆಬ್ಬಗೋಡಿಯ ಆ ಕಟ್ಟಡ ಚಿಕ್ಕಬೈರಪ್ಪನವರದು. ರಾಗಿ ಹೊಲದ ಮೇಲೆ ನಾಲ್ಕು ಅಂತಸ್ತು ಎಬ್ಬಿಸಿ, ಬಾಡಿಗೆಯ ಬದಲು ಕಂಪನಿಯಲ್ಲೇ ಪಾಲು ತೆಗೆದುಕೊಂಡಿದ್ದರು. ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅವರಿಗೆ ಕೊಲೆಸ್ಟ್ರಾಲ್ ಎಂದರೆ ಬದು ಒತ್ತಿದ ದಾಯಾದಿಯ ಮೇಲಿರುವಷ್ಟೇ ಸಿಟ್ಟು. ಲ್ಯಾಬಿನ ಫ್ರಿಜ್ಜಿನಲ್ಲಿ ಆ ಹೆಸರಿನ ಬಾಟಲಿ ಕಂಡು, “ನಾನು ಬೋಟಿ ಬುಟ್ಟು ಸನ್ಯಾಸಿ ಆಗಿವ್ನಿ. ನನ್ ಬಿಲ್ಡಿಂಗ್‌ನಾಗೆ ಇದ್ಯಾಕ್ಲಾ ಶ್ರೀಧರಾ?” ಎಂದರು. ನಮ್ಮ ಎಂಡಿ ಶ್ರೀಧರ್ ಮರುದಿನವೇ ಬಾಟಲಿ ಎತ್ತಿಸಿ, ಬ್ರೋಷರಿಗೂ ಆ ಸಾಲು ಸೇರಿಸಿದ.

“ಸಾರ್, ಅದಿಲ್ದೆ ಗುಳ್ಳೆ ನಿಲ್ಲಲ್ಲ,” ಎಂದೆ ಶ್ರೀಧರ್‌ಗೆ. ಗುಳ್ಳೆ ಮಾಡುವ ಕೆಲಸ ನನ್ನದು.

ಲಿಪಿಡ್ ಎಂಬ ಕೊಬ್ಬಿನಿಂದಷ್ಟೇ ಮಾಡಿದ ಗುಳ್ಳೆಯ ಪೊರೆ ತಣ್ಣಗಿದ್ದಾಗ ಡಾಲ್ಡಾದ ಹಾಗೆ ಗಟ್ಟಿ. ನಲವತ್ತೊಂದು ಡಿಗ್ರಿಯ ಆಸುಪಾಸಿನಲ್ಲಿ ತಟ್ಟನೆ ಕರಗಿ ಸೋರುತ್ತದೆ. ಕೊಲೆಸ್ಟ್ರಾಲ್ ಎಂಬುದು ತುಂಬಿದ ಬಸ್ಸಿನ ಕಂಡಕ್ಟರ್ ಇದ್ದ ಹಾಗೆ. ಮರಗಟ್ಟಿ ನಿಂತವರ ನಡುವೆ ನುಗ್ಗಿ ಅಲುಗಾಡಿಸುತ್ತದೆ, ಅತ್ತಿತ್ತ ಓಲಾಡುವವರನ್ನು ಹಿಡಿದು ನಿಲ್ಲಿಸುತ್ತದೆ. ಸಾಕಷ್ಟು ಹಾಕಿದರೆ ಪೊರೆ ಗಟ್ಟಿಯೂ ಅಲ್ಲದ, ನೀರೂ ಅಲ್ಲದ ಹದದಲ್ಲಿ ಉಳಿಯುತ್ತದೆ. ತಟ್ಟನೆ ಕರಗುವ ಮಾತೇ ಇರುವುದಿಲ್ಲ. ಇಷ್ಟನ್ನೂ ಹೇಳಿದೆ. ಕೋಣನ ಮುಂದೆ ಕಿನ್ನರಿ.

“ಸುಕೃತಿ, ನಿನ್ ಪ್ರೊಬೇಷನ್ ಪಾಲುದಾರರಿಗೆ ತೋರ್ಸೋ ಡೆಮೋ ಮೇಲೇ ನಿಂತಿದೆ. ಸುಮ್ನೆ ಮಾಡಮ್ಮ,” ಎಂದ ಶ್ರೀಧರ್. ಮಾಡಿದೆ. ನನಗೆ ಕೆಲಸ ಬೇಕಿತ್ತು.

ಡೆಮೋಗೆ ಔಷಧಿಯ ಬದಲು ಬಣ್ಣ ತುಂಬಿದ್ದೆ. ಗುಳ್ಳೆಯೊಳಗೆ ಒತ್ತಾಗಿದ್ದರೆ ಅದು ಮಂಕು. ಸೋರಿ ನೀರಿಗೆ ಬಿದ್ದರೆ ಹಸಿರಾಗಿ ಹೊಳೆಯುತ್ತದೆ. ಪಾಲುದಾರರೆಲ್ಲ ಕೂತರು. ಶ್ರೀಧರ್ ಸೀಸೆಗೆ ಕುಂಕುಮವಿಟ್ಟು ನಿಂಬೆಹಣ್ಣು ನಿವಾಳಿಸಿದ. ನಾನು ಅದನ್ನು ಬಿಸಿನೀರಿಗೆ ಇಳಿಸಿದೆ. ನಲವತ್ತು ದಾಟುತ್ತಿದ್ದಂತೆ ಸೀಸೆ ಝಗ್ಗನೆ ಹಸಿರಾಯಿತು.

ಚಪ್ಪಾಳೆ ಬಿತ್ತು. ಸೋರಿದ್ದಕ್ಕೆ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಶ್ರೀಧರ್. “ನಾಳೆಯಿಂದ ನಮ್ಮ ಸುಕೃತಿ ಪರ್ಮನೆಂಟ್,” ಎಂದು ಸಾರಿಯೂಬಿಟ್ಟ. ನಾನು ಹಲ್ಲು ಕಿರಿದೆ.

ಚಿಕ್ಕಬೈರಪ್ಪ ಹತ್ತಿರ ಬಂದು ದನಿ ತಗ್ಗಿಸಿದರು. “ಅವ್ವಾ, ಇದು ಆಸ್ಪತ್ರೆಗೆ ಬಂದೇಟ್ಗೆ ಮೊದ್ಲು ನಮ್ಮನೆ ಭಾಗ್ಯಮ್ಮಂಗೇ ಕೊಡ್ಸು. ಅವ್ಳಿಗೋಸ್ಕರಾನೇ ನಾನು ಇದಕ್ಕೆ ಕೈ ಆಕಿದ್ದು. ಈಗ ಕೊಡೋ ಇಂಜೆಕ್ಸನ್ ಆದ್ಮೇಲೆ ಅವ್ಳಿಗೆ ಜ್ವರ ಸುಡ್ತದೆ. ಅದ್ರಿಂದ ಏನೂ ತೊಂದ್ರೆ ಇಲ್ವಲ್ಲ?”

ಹೊಳೆಯುತ್ತಿದ್ದ ಸೀಸೆಯನ್ನು ಎತ್ತಿ ಮೇಜಿನ ಮೇಲಿಟ್ಟೆ. ಅವರ ಹೆಂಡತಿ ಭಾಗ್ಯಮ್ಮನವರಿಗೆ ಕ್ಯಾನ್ಸರ್ ಎಂಬುದು ನನಗೆ ಗೊತ್ತೇ ಇರಲಿಲ್ಲ.

“ಇದೆ,” ಎಂದೆ. “ಹಸಿರು ಹೊಳೀತಲ್ಲ, ಅದು ಸೋರಿದ್ದು. ಜ್ವರ ನೂರಾನಾಲ್ಕು ದಾಟಿದ್ರೆ ಈ ನೀರಿನಷ್ಟೇ ಬಿಸಿ, ಔಷಧಿ ಹಿಂಗೇ ಮೈಯೆಲ್ಲಾ ಚೆಲ್ಲತ್ತೆ. ಕೊಲೆಸ್ಟ್ರಾಲ್ ಹಾಕಿದ್ರೆ ಪೊರೆ ತಡ್ಕೊಳ್ತಿತ್ತು.”

ಶ್ರೀಧರ್ ನಗುತ್ತಲೇ ಬಂದು ನನ್ನ ಮೊಣಕೈ ಹಿಡಿದು ಎಳೆದ. ಚಿಕ್ಕಬೈರಪ್ಪ ಅವನತ್ತ ನೋಡಲಿಲ್ಲ.

“ಅಂಗಾರೆ ಸೋರ್ಸಿದ್ದು ನಾನೇಯ?”

ಕೆಲಸ ಹೋಯಿತು ಅಂದುಕೊಂಡೆ. “ಹೌದು,” ಎಂದೆ.

ಅವರು ಹಸಿರು ಸೀಸೆಯನ್ನು ಅತ್ತ ಸರಿಸಿದರು. “ಆಕವ್ವ,” ಎಂದರು. “ಎಷ್ಟ್ ಬೇಕೋ ಅಷ್ಟ್ ಆಕು.”

ಶ್ರೀಧರ್ ನನ್ನ ಮೊಣಕೈ ಬಿಟ್ಟ.